ಮೈಲುತುತ್ತು, ಸುಣ್ಣ ಮತ್ತು ಕರಗುವಿಕೆಯ ಲೆಕ್ಕ

ಪತ್ತನಾಜೆ ಕಳೆದು ಪಡುವಣ ಮುಗಿಲು ಕಪ್ಪಾಗತೊಡಗಿತೆಂದರೆ ಕಾಸರಗೋಡು ಸೀಮೆಯ ಅಡಿಕೆ ತೋಟದವರಿಗೆಲ್ಲ ಒಂದೇ ಚಿಂತೆ. ಮದ್ದು ಬಿಡುವವರು ಸಿಗುತ್ತಾರೋ ಇಲ್ಲವೋ, ಸಿಕ್ಕಿದ ದಿನ ಮಳೆ ಬಿಡುವು ಕೊಡುತ್ತದೋ ಇಲ್ಲವೋ. ಮೈಲುತುತ್ತಿನ ಕ್ರಯ ಎಷ್ಟಾಯಿತೆಂದು ಎಲ್ಲರೂ ವಿಚಾರಿಸುತ್ತಾರೆ. ಸುಣ್ಣದ ವಿಚಾರವನ್ನು ಕೇಳುವವರು ಮಾತ್ರ ಕಡಮೆ. ಮೂಲೆಯಲ್ಲಿ ಕಳೆದ ವರ್ಷದ ಗೋಣಿ ಇದೆಯಲ್ಲ, ಅದೇ ಸಾಕು ಎಂದು ಸುಮ್ಮನಾಗುತ್ತೇವೆ. ನಾನೂ ಹಾಗೆಯೇ ಸುಮ್ಮನಾದವನು. ಅದರಿಂದ ಪಟ್ಟ ನಷ್ಟವೇ ಈ ಲೇಖನಕ್ಕೆ ಕಾರಣ.

ಕೆಲವು ವರ್ಷಗಳ ಹಿಂದಿನ ಮಾತು. ಮೊದಲ ಮದ್ದು ಕ್ರಮದಂತೆ ಆಗಿತ್ತು. ಎರಡನೆಯದು ಆಟಿ ತಿಂಗಳಲ್ಲಿ, ಮಳೆ ಎರಡು ದಿನ ಬಿಟ್ಟಾಗ, ಅವಸರವಸರವಾಗಿ ನಡೆಯಿತು. ಹೊಸ ಸುಣ್ಣ ತರಿಸಲು ಪುರಸೊತ್ತಿಲ್ಲದೆ ಹಳೆಯ ಗೋಣಿಯದನ್ನೇ ಕದಡಿಸಿದೆ. ತೂಕದಲ್ಲಿ ಮೋಸವಿರಲಿಲ್ಲ, 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ದ್ರಾವಣ ತಿಳಿನೀಲಿಯಾಗಿ ಮೊಸರಿನಂತೆ ಕಾಣುವುದಕ್ಕೆ ಬದಲು ಹಸುರು ನೀರಿನಂತೆ ತೆಳ್ಳಗಿತ್ತು. ಕಣ್ಣಿಗೆ ಕಂಡರೂ ಮನಸ್ಸಿಗೆ ಹೋಗಲಿಲ್ಲ. ಒಂದು ವಾರದಲ್ಲಿ ಎಳೆ ಕಾಯಿಗಳ ಮೇಲೆ ಸುಟ್ಟಂತಹ ಕಲೆಗಳೆದ್ದವು. ಮೂರನೆಯ ವಾರದಲ್ಲಿ ಕೆಳಗಣ ತೋಟದಲ್ಲಿ ಮಹಾಳಿ ಹಿಡಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಮರದ ಬುಡದಲ್ಲಿ ಬಿಳಿ ಬೂಷ್ಟು ಹೊದ್ದ ಕಾಯಿಗಳ ರಾಶಿ. ಆ ತೋಟದ ಫಸಲು ಅರ್ಧಕ್ಕಿಂತ ಹೆಚ್ಚು ನೆಲಕ್ಕೆ ಬಿತ್ತು.

ಮದ್ದೂ ಬಿಟ್ಟಿದೆ, ಕಾಯಿಯೂ ಸುಟ್ಟಿದೆ, ರೋಗವೂ ಬಂದಿದೆ. ಮೂರೂ ಒಂದೇ ತೋಟದಲ್ಲಿ ಹೇಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟವಳು ನೆರೆಮನೆಯ ಭಾವನ ಮಗಳು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ಹುಡುಗಿ. ಉಳಿದ ಸುಣ್ಣದ ಒಂದು ಹಿಡಿಯನ್ನು ಕಟ್ಟಿಕೊಂಡು ಹೋದವಳು ನಾಲ್ಕು ದಿನದ ಮೇಲೆ ಬಂದು ಹೇಳಿದಳು: “ಮಾವ, ನಿಮ್ಮ ಗೋಣಿಯಲ್ಲಿ ಸುಣ್ಣ ನೂರಕ್ಕೆ ಹದಿನೈದು ಪಾಲು. ಉಳಿದದ್ದೆಲ್ಲ ಸೀಮೆಸುಣ್ಣ!”

“ಸೀಮೆಸುಣ್ಣವೂ ಸುಣ್ಣವೇ ಅಲ್ಲವೇನಮ್ಮ?”

“ಅಲ್ಲ ಮಾವ. ಕಾಗದ ಕೊಡಿ, ಲೆಕ್ಕ ಮಾಡಿ ತೋರಿಸುತ್ತೇನೆ.”

ಅವಳು ಅಂದು ಮಾಡಿ ತೋರಿಸಿದ ಲೆಕ್ಕಕ್ಕೆ ಶಾಸ್ತ್ರದಲ್ಲಿ ‘ವಿಲೀನತಾ ಗುಣಲಬ್ಧ’ ಎಂದು ಹೆಸರು. ಹೆಸರು ಕೇಳಿ ವಾಚಕರು ಪುಟ ಮಗುಚಬಾರದು. ಸೆಂಟ್ಸು ಅಳೆಯಲು ಬಲ್ಲವರಿಗೆ ಇದು ಕಷ್ಟದ ಸಂಗತಿಯಲ್ಲ.

ಒಂದು ಚಮಚ ಸಕ್ಕರೆಯನ್ನು ಒಂದು ಚೆಂಬು ನೀರಿಗೆ ಹಾಕಿದರೆ ಪೂರ್ತಿ ಕರಗುತ್ತದೆ. ಸುಣ್ಣ ಹಾಗಲ್ಲ, ಸ್ವಲ್ಪ ಕರಗಿ ಉಳಿದದ್ದು ಅಡಿಯಲ್ಲಿ ಕೂರುತ್ತದೆ. ಎಷ್ಟು ಕಲಕಿದರೂ ಆ ಮಿತಿಯನ್ನು ದಾಟುವುದಿಲ್ಲ. ಹೀಗೆ ಮಿತಿ ಮುಟ್ಟಿದ ನೀರನ್ನು ಪರ್ಯಾಪ್ತ ದ್ರಾವಣವೆನ್ನುವರು. ಎಲೆಯಡಿಕೆ ಹಾಕುವವರ ಮನೆಯಲ್ಲಿ ಸುಣ್ಣದ ಭರಣಿಯ ಮೇಲೆ ನಿಲ್ಲುವ ತಿಳಿ ಇಂಥದೇ. ಕರಗಿದ ಸುಣ್ಣವು ನೀರಿನಲ್ಲಿ ಸುಣ್ಣವಾಗಿಯೇ ಇರುವುದಿಲ್ಲ, ಒಡೆದು ಬಿಡಿಯಾಗಿರುತ್ತದೆ. ಒಂದು ಪಾಲು ಕ್ಯಾಲ್ಸಿಯಂ, ಎರಡು ಪಾಲು ಹೈಡ್ರಾಕ್ಸೈಡ್. ಈ ಬಿಡಿ ಕಣಗಳಿಗೆ ಅಯಾನುಗಳೆಂದು ಹೆಸರು. ನಾಲಗೆ ಸುಡುವುದು ಹೈಡ್ರಾಕ್ಸೈಡಿನ ಗುಣ.

ಈಗ ಜಾಗದ ಲೆಕ್ಕಕ್ಕೆ ಬರೋಣ. ಹತ್ತು ಸೆಂಟ್ಸು ಜಾಗವೆಂದರೆ ಉದ್ದ ಅಗಲಗಳ ಗುಣಾಕಾರ. ಉದ್ದ ಹೆಚ್ಚಾದರೆ ಅಗಲ ಕಡಮೆಯಾಗಲೇಬೇಕು. ಗುಣಿಸಿದರೆ ಬರುವುದು ಹತ್ತು ಸೆಂಟ್ಸೇ. ಪರ್ಯಾಪ್ತ ದ್ರಾವಣದ ನಿಯಮವೂ ಇದೇ. ಅದರಲ್ಲಿರುವ ಎರಡು ಬಗೆಯ ಅಯಾನುಗಳ ಪ್ರಮಾಣವನ್ನು ಗುಣಿಸಿದರೆ, ಉಷ್ಣತೆ ಬದಲಾಗದಿದ್ದಲ್ಲಿ, ಬರುವ ಸಂಖ್ಯೆ ಒಂದೇ. ಒಂದನ್ನು ಹೊರಗಿನಿಂದ ಹೆಚ್ಚಿಸಿದರೆ ಇನ್ನೊಂದು ಕಡಮೆಯಾಗಬೇಕು. ಕಡಮೆಯಾಗುವ ದಾರಿ ಒಂದೇ: ಗಟ್ಟಿಯಾಗಿ ಅಡಿಗೆ ಕೂರುವುದು. ಸುಣ್ಣದಲ್ಲಿ ಹೈಡ್ರಾಕ್ಸೈಡ್ ಎರಡು ಪಾಲಿರುವುದರಿಂದ ಅದನ್ನು ಎರಡು ಸಲ ಗುಣಿಸತಕ್ಕದ್ದು, ಇಷ್ಟೇ ವಿಶೇಷ. ಜರ್ಮನಿಯ ವಾಲ್ಥರ್ ನೆರ್ನ್ಸ್ಟ್ ಈ ನಿಯಮವನ್ನು 1889ರಲ್ಲಿ ಶಾಸ್ತ್ರೀಯವಾಗಿ ಮುಂದಿಟ್ಟನು.

ಸಂಖ್ಯೆಯನ್ನು ಕಂಡುಹಿಡಿಯುವ ಕ್ರಮ ಹೀಗೆ. ಒಳ್ಳೆಯ ಹೊಸ ಸುಣ್ಣವನ್ನು ಬಾಟಲಿಯಲ್ಲಿ ಶುದ್ಧ ನೀರಿನೊಡನೆ ಚೆನ್ನಾಗಿ ಅಲುಗಿಸಿ, ಬಿರಡೆ ಹಾಕಿ ಒಂದು ದಿನ ಬಿಡಬೇಕು. ಬಿರಡೆ ಅಗತ್ಯ, ತೆರೆದಿಟ್ಟರೆ ಗಾಳಿ ಸೇರಿ ಮೇಲೆ ಕೆನೆ ಕಟ್ಟುತ್ತದೆ. ತಿಳಿಯನ್ನು ಸೋಸಿ 25 ಮಿಲಿಲೀಟರು ಅಳೆದುಕೊಂಡು, ಎರಡು ತೊಟ್ಟು ಫಿನಾಲ್ಫ್ತಲೀನ್ ಬಿಟ್ಟರೆ ಕಡುಗುಲಾಬಿ ಬಣ್ಣ ಬರುತ್ತದೆ. ಬಲ ಗೊತ್ತಿರುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಗೆರೆ ಹಾಕಿದ ಗಾಜಿನ ಕೊಳವೆಯಿಂದ ತೊಟ್ಟು ತೊಟ್ಟಾಗಿ ಇಳಿಸುತ್ತ ಹೋಗಬೇಕು. ಬಣ್ಣ ಹೋದ ಕ್ಷಣಕ್ಕೆ ನಿಲ್ಲಿಸಿ, ಎಷ್ಟು ಆಮ್ಲ ಹಿಡಿಯಿತೆಂದು ಓದಿಕೊಳ್ಳತಕ್ಕದ್ದು.

ಆಮ್ಲದ ಬಲ ಲೀಟರಿಗೆ 0.1 ಮೋಲ್ ಆಗಿದ್ದು, ದ್ರಾವಣ 25 ಡಿಗ್ರಿ ಉಷ್ಣತೆಯಲ್ಲಿದ್ದರೆ ಸುಮಾರು 10.8 ಮಿಲಿಲೀಟರು ಹಿಡಿಯುತ್ತದೆ. (ಮೋಲ್ ಎಂಬುದು ಡಜನ್, ಗ್ರೋಸುಗಳಂತೆ ಎಣಿಕೆಯ ಒಂದು ಕಟ್ಟು, ಅಡಿಕೆಯನ್ನು ಸಾವಿರದಲ್ಲಿ ಎಣಿಸಿದ ಹಾಗೆ ಕಣಗಳನ್ನು ಮೋಲಿನಲ್ಲಿ ಎಣಿಸುತ್ತಾರೆ.) ಆಮ್ಲದ ಒಂದು ಕಣ ಹೈಡ್ರಾಕ್ಸೈಡಿನ ಒಂದು ಕಣವನ್ನು ತೀರಿಸುವುದರಿಂದ, 25 ಮಿಲಿಲೀಟರಿನಲ್ಲಿದ್ದ ಹೈಡ್ರಾಕ್ಸೈಡ್ ಒಂದು ಮೋಲಿನ ಸಾವಿರದಲ್ಲಿ 1.08 ಪಾಲು. ಲೀಟರಿಗೆ ನಲವತ್ತು ಪಟ್ಟು, ಅಂದರೆ 0.0432 ಮೋಲ್. ಕ್ಯಾಲ್ಸಿಯಂ ಅದರ ಅರ್ಧ, 0.0216. ಗುಣಿಸುವುದಿಷ್ಟೇ: 0.0216 × 0.0432 × 0.0432 = 0.0000403. ಶಾಲೆಯ ಮಕ್ಕಳು ಇದನ್ನು 4.03 × 10⁻⁵ ಎಂದು ಬರೆಯುತ್ತಾರೆ. ತೂಕದಲ್ಲಿ ಹೇಳುವುದಾದರೆ ಲೀಟರು ನೀರಿನಲ್ಲಿ ಕರಗಿದ ಸುಣ್ಣ 1.6 ಗ್ರಾಮು.

ಇಲ್ಲಿ ಒಂದು ತೊಡಕುಂಟು. ಪುಸ್ತಕ ತೆರೆದು ನೋಡಿದರೆ ಸುಣ್ಣದ ಗುಣಲಬ್ಧ 0.000005ರ ಆಸುಪಾಸು ಎಂದಿದೆ. ನಮ್ಮ ಲೆಕ್ಕ ಅದರ ಎಂಟು ಪಟ್ಟು! ಹುಡುಗಿಯ ಅಳತೆ ತಪ್ಪಿತೇ? ಇಲ್ಲ. ಜಾತ್ರೆಯ ಗದ್ದಲದಲ್ಲಿ ಮನುಷ್ಯ ತನ್ನ ಮನೆಯಂಗಳದಲ್ಲಿ ನಡೆದಂತೆ ನಡೆಯಲಾರನಷ್ಟೆ. ವಿದ್ಯುತ್ತಿನ ಅಂಶವುಳ್ಳ ಅಯಾನುಗಳೂ ಒತ್ತೊತ್ತಾಗಿದ್ದಾಗ ಒಂದನ್ನೊಂದು ಹಿಡಿದೆಳೆಯುತ್ತವೆ. ಕೆಲವು ಕ್ಯಾಲ್ಸಿಯಂ ಕಣಗಳು ಹೈಡ್ರಾಕ್ಸೈಡಿನೊಡನೆ ಜತೆಗೂಡಿಯೇ ತಿರುಗುತ್ತವೆ. ಎಣಿಕೆಗೆ ಸಿಕ್ಕಿದ ಕಣಗಳೆಲ್ಲ ಪೂರ್ತಿ ಕೆಲಸಕ್ಕೆ ಸಿಗುವುದಿಲ್ಲ. ಪುಸ್ತಕದವರು ಕೆಲಸಕ್ಕೆ ಸಿಗುವ ಪಾಲನ್ನು ಮಾತ್ರ ಹಿಡಿದು ಗುಣಿಸಿದ್ದಾರೆ. ಸುಣ್ಣದಂತೆ ತಕ್ಕಮಟ್ಟಿಗೆ ಕರಗುವ ಪದಾರ್ಥದಲ್ಲಿ ಈ ವ್ಯತ್ಯಾಸ ದೊಡ್ಡದು. ತೀರ ಕಡಮೆ ಕರಗುವವುಗಳಲ್ಲಿ ನೂಕುನುಗ್ಗಲು ಇಲ್ಲದ್ದರಿಂದ ವ್ಯತ್ಯಾಸ ಸಣ್ಣದು.

ಇನ್ನು ಸೀಮೆಸುಣ್ಣ. ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ನಿಧಾನವಾಗಿ ಸೀಮೆಸುಣ್ಣವಾಗುತ್ತದೆ. ಸುಡುವ ಮೊದಲು ಚಿಪ್ಪು ಏನಾಗಿತ್ತೋ ಮತ್ತೆ ಅದೇ ಆಗುತ್ತದೆ. ಇದರ ಗುಣಲಬ್ಧ ಸುಮಾರು 3.4 × 10⁻⁹. ಗಾಳಿ ಸೋಕದ ನೀರಿನಲ್ಲಿ ಲೀಟರಿಗೆ ಹದಿನಾಲ್ಕು ಮಿಲಿಗ್ರಾಮಿನಷ್ಟು ಕರಗಿದರೆ ಹೆಚ್ಚು, ಸುಣ್ಣದ ನೂರರಲ್ಲೊಂದು ಪಾಲೂ ಅಲ್ಲ. ಮೈಲುತುತ್ತಿನ ತಾಮ್ರವನ್ನು ಹಿಡಿದು ಕೂರಿಸಲು ಬೇಕಾದ ಹೈಡ್ರಾಕ್ಸೈಡ್ ಅದರಲ್ಲಿಲ್ಲ. ಅದು ತಾಮ್ರದೊಡನೆ ಸೇರುವುದುಂಟು, ಆದರೆ ಬಹಳ ತಡವಾಗಿ, ಅರ್ಧಂಬರ್ಧವಾಗಿ. ಮದ್ದಿನ ಡ್ರಮ್ಮಿನ ಬಳಿ ಕಾಯುವಷ್ಟು ಸಮಯ ಯಾರಿಗಿದೆ?

ಒಂದು ಕಿಲೋ ಮೈಲುತುತ್ತಿನಲ್ಲಿ 4 ಮೋಲ್ ತಾಮ್ರವಿದೆ. ಅಷ್ಟನ್ನೂ ಹೈಡ್ರಾಕ್ಸೈಡಾಗಿ ಕೂರಿಸಲು ಅಪ್ಪಟ ಅರಳಿದ ಸುಣ್ಣ 300 ಗ್ರಾಮು ಸಾಕು. ಹಾಗಿದ್ದರೂ ಒಂದು ಕಿಲೋ ಹಾಕುವುದು, ಪೇಟೆಯ ಸುಣ್ಣ ಅಪ್ಪಟವಲ್ಲವೆಂದು ಬಲ್ಲವರು ಇಟ್ಟ ಉಳಿತಾಯ. ನನ್ನ ಗೋಣಿಯ ಕಿಲೋದಲ್ಲಿ ಇದ್ದದ್ದು 150 ಗ್ರಾಮು, ಬೇಕಾದುದರ ಅರ್ಧ. ತಾಮ್ರದ ಕನಿಷ್ಠ ಮೂರನೆಯ ಒಂದು ಪಾಲು, ಅಂದರೆ ಲೀಟರಿಗೆ ಮುಕ್ಕಾಲು ಗ್ರಾಮಿಗೂ ಮೇಲೆ, ನೀರಿನಲ್ಲಿ ಕರಗಿಯೇ ಉಳಿಯಿತು. ಎಳೆಗಾಯಿ ಸುಟ್ಟದ್ದು ಅದರಿಂದ. ಮೊದಲ ಮಳೆಗೆ ತೊಳೆದು ಹೋದದ್ದೂ ಅದೇ.

ಸುಣ್ಣ ಸರಿಯಿದ್ದರೆ ಏನಾಗುತ್ತದೆ? ತಾಮ್ರದ ಹೈಡ್ರಾಕ್ಸೈಡಿನ ಗುಣಲಬ್ಧ ಸುಮಾರು 2.2 × 10⁻²⁰. ದಶಮಾಂಶ ಬಿಂದುವಿನ ಮುಂದೆ ಹತ್ತೊಂಬತ್ತು ಸೊನ್ನೆ ಬರೆದು ಆಮೇಲೆ 22 ಬರೆಯಬೇಕು! ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ನೀರಿನಲ್ಲಿ, ಅಂದರೆ ರಸಸಾರ 7 ಇರುವಲ್ಲಿ, ಹೈಡ್ರಾಕ್ಸೈಡ್ ಲೀಟರಿಗೆ 0.0000001 ಮೋಲ್. ಅದರ ವರ್ಗದಿಂದ ಗುಣಲಬ್ಧವನ್ನು ಭಾಗಿಸಿದರೆ ತಾಮ್ರ 0.0000022 ಮೋಲ್, ತೂಕದಲ್ಲಿ ಲೀಟರಿಗೆ 0.14 ಮಿಲಿಗ್ರಾಮು. ರಸಸಾರ 8ಕ್ಕೆ ಏರಿದರೆ ಇದರ ನೂರರಲ್ಲೊಂದು ಪಾಲು. 6ಕ್ಕೆ ಇಳಿದರೆ ನೂರು ಪಟ್ಟು, 14 ಮಿಲಿಗ್ರಾಮು. 5ಕ್ಕೆ ಇಳಿದರೆ ಇನ್ನೂ ನೂರು ಪಟ್ಟು, 1.4 ಗ್ರಾಮು. ಒಂದೊಂದು ಮೆಟ್ಟಿಲಿಗೆ ನೂರು ಪಟ್ಟು. ಹೈಡ್ರಾಕ್ಸೈಡನ್ನು ಎರಡು ಸಲ ಗುಣಿಸುವುದರ ಪರಿಣಾಮ ಇದು. ಬೋರ್ಡೋದಲ್ಲಿ ಕೂರುವ ನೀಲಿ ಗಷ್ಟು ಅಪ್ಪಟ ಹೈಡ್ರಾಕ್ಸೈಡಲ್ಲ, ಅದರಲ್ಲಿ ಗಂಧಕಾಮ್ಲದ ಅಂಶವೂ ಜಿಪ್ಸಮ್ಮೂ ಬೆರೆತಿವೆ. ಆದಕಾರಣ ಅಂಕಿಗಳು ತೋಟದಲ್ಲಿ ಹೀಗೆಯೇ ಇರುತ್ತವೆಂದು ತಿಳಿಯಬಾರದು. ಏರಿಳಿತದ ದಾರಿ ಮಾತ್ರ ಇದೇ.

ಬೋರ್ಡೋ ದ್ರಾವಣದ ಗುಟ್ಟೆಲ್ಲ ಇಲ್ಲಿದೆ. ಗೊನೆಗೆ ಅಂಟಿ ಒಣಗಿದ ನೀಲಿ ಪದರವು ಸುರಿಮಳೆಗೂ ಸುಲಭಕ್ಕೆ ಕರಗಿ ಹೋಗದು. ಹಾಗೆಂದು ಪೂರ್ತಿ ಕರಗದೆಯೂ ಇರದು. ಶುದ್ಧ ಮಳೆನೀರಿನ ರಸಸಾರ 5.6ರ ಸುಮಾರು, ಅಲ್ಪ ಆಮ್ಲ. ಮಹಾಳಿಯ ಬೀಜಕಣಗಳೂ ಮೊಳೆಯುವಾಗ ತಮ್ಮಿಂದ ಕೆಲವು ಆಮ್ಲಗಳನ್ನು ಹೊರಬಿಡುತ್ತವೆ. ಇವೆರಡರಿಂದ ಚೂರು ಚೂರು ತಾಮ್ರ ಬಿಡುಗಡೆಯಾಗುತ್ತದೆ. ಕಾಯಿಯನ್ನು ಸುಡಲು ಅಷ್ಟು ಸಾಲದು. ಬೀಜಕಣವನ್ನು ಕೊಲ್ಲಲು ಧಾರಾಳ ಸಾಕು. ಸಾಲಗಾರನು ದಿನಕ್ಕೊಂದು ಕಾಸು ಕೊಟ್ಟು ತೀರಿಸಿದಂತೆ, ಆ ಪದರ ಮಳೆಗಾಲದಲ್ಲಿ ನಲವತ್ತು ನಲವತ್ತೈದು ದಿನ ಕಾಯುತ್ತದೆ. ಎರಡನೆಯ ಮದ್ದಿಗೆ ಅಷ್ಟು ದಿನದ ಅಂತರ ಹೇಳುವುದು ಆದ್ದರಿಂದಲೇ.

ವಿನೋದವೆಂದರೆ, ಈ ಮದ್ದು ಲೆಕ್ಕಕ್ಕಿಂತ ಮೊದಲೇ ಹುಟ್ಟಿತು. ಫ್ರಾನ್ಸಿನ ಬೋರ್ಡೋ ಪ್ರಾಂತದ ಮೆಡಾಕಿನಲ್ಲಿ ದಾರಿಬದಿಯ ದ್ರಾಕ್ಷಿಯನ್ನು ದಾರಿಹೋಕರು ಕದಿಯದಿರಲೆಂದು ತೋಟದವರು ತಾಮ್ರ ಸುಣ್ಣಗಳ ಮಿಶ್ರಣವನ್ನು ಎಲೆಗಳ ಮೇಲೆ ಚಿಮುಕಿಸುತ್ತಿದ್ದರು. 1882ರಲ್ಲಿ ಬೂಷ್ಟುರೋಗದಿಂದ ತೋಟಗಳೆಲ್ಲ ಬೋಳಾದಾಗ ದಾರಿಬದಿಯ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದದ್ದನ್ನು ಮಿಲ್ಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು ಕಂಡನು. ರಸಾಯನಶಾಸ್ತ್ರಜ್ಞ ಗಾಯೋನ್ ಜತೆಗೂಡಿ ಪ್ರಯೋಗ ನಡೆಸಿ 1885ರಲ್ಲಿ ಮದ್ದನ್ನು ಪ್ರಕಟಿಸಿದನು. ಘಟ್ಟದ ಮೇಲಿನವರು ಕೊಳೆರೋಗವೆನ್ನುವ ನಮ್ಮ ಮಹಾಳಿಯನ್ನು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಪರಿಶೀಲಿಸಿ, 1910ರಲ್ಲಿ ಅದರ ಕಾರಣವನ್ನು ವಿವರಿಸಿ, ಗೊನೆಗಳಿಗೆ ಬೋರ್ಡೋ ಸಿಂಪಡಿಸುವ ಪದ್ಧತಿಯನ್ನು ಅಡಿಕೆಗೆ ತಂದರು. ಅದಕ್ಕೆ ಮೊದಲು ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಗತಿಯಾಗಿತ್ತು.

ಲೆಕ್ಕ ಗೊತ್ತಾದ ಮೇಲೆ ಹಿರಿಯರು ಹೇಳುತ್ತಿದ್ದ ಒಂದೊಂದು ಮಾತಿಗೂ ಅರ್ಥ ಸಿಗುತ್ತ ಬಂತು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುಣ್ಣವನ್ನು ಮೈಲುತುತ್ತಿಗೆ ಸುರಿಯಕೂಡದು ಎನ್ನುವರು. ಮೊದಲನೆಯ ಕ್ರಮದಲ್ಲಿ ತಾಮ್ರವು ಬೀಳುವ ಕ್ಷಣದಿಂದಲೇ ಹೈಡ್ರಾಕ್ಸೈಡ್ ಹೇರಳವಾಗಿದ್ದು, ಗಷ್ಟು ಬೆಣ್ಣೆಯಂತೆ ನುಣ್ಣಗೆ ಕೂರುತ್ತದೆ. ತಿರುಗಾಮುರುಗಾ ಮಾಡಿದರೆ ಒರಟು ಕಣಗಳಾಗಿ ಗೊನೆಗೆ ಹಿಡಿಯದು, ಸಿಂಪಡಿಸುವ ಮೂತಿಯೂ ಕಟ್ಟಿಕೊಳ್ಳುವುದು. ಸುಟ್ಟ ಸುಣ್ಣಕ್ಕೆ ನೀರು ಹೊಡೆದೊಡನೆ ಬೆರೆಸಬಾರದೆಂಬುದಕ್ಕೂ ಕಾರಣವುಂಟು: ಬಿಸಿಯಲ್ಲಿ ನೀಲಿ ಹೈಡ್ರಾಕ್ಸೈಡ್ ಒಡೆದು ಕಪ್ಪು ಆಕ್ಸೈಡಾಗಿ ಕೆಡುತ್ತದೆ. ಪೂರ್ತಿ ತಣಿದ ಮೇಲೆಯೇ ಬೆರೆಸತಕ್ಕದ್ದು. ಬೆರೆಸಿದ್ದನ್ನು ಅಂದೇ ಮುಗಿಸಬೇಕು; ಮರುದಿನಕ್ಕೆ ಕಣಗಳು ಹರಳುಗಟ್ಟಿ ಅಂಟುವ ಗುಣ ಹೋಗುತ್ತದೆ. ಕಬ್ಬಿಣದ ಪಾತ್ರೆ ಕೂಡದು. ಹಿಂದೆ ಮರದ ಪೀಪಾಯಿ, ಈಗ ಪ್ಲಾಸ್ಟಿಕ್ ಡ್ರಮ್ಮು.

ಕತ್ತಿಯ ಪರೀಕ್ಷೆಯನ್ನು ಮಾತ್ರ ಯಾರೂ ಬಿಡಬಾರದು. ಉಜ್ಜಿ ಹೊಳಪು ತಂದ ಚೂರಿಯನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಹಿಡಿದಿದ್ದರೆ ನೀರಿನಲ್ಲಿ ಬಿಡಿ ತಾಮ್ರ ಉಳಿದಿದೆಯೆಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಗುಣಲಬ್ಧದ ಮಿತಿಯೊಳಗೆ ಇಳಿದ ತಾಮ್ರ ಎಷ್ಟು ಕಡಮೆಯೆಂದರೆ ಚೂರಿಗೆ ಬಣ್ಣ ಏರುವುದೇ ಇಲ್ಲ. ಆ ವರ್ಷ ನಾನು ಕಳೆದುಕೊಂಡ ಫಸಲಿನ ಮುಂದೆ ಈ ಎರಡು ನಿಮಿಷ ದೊಡ್ಡದಾಗಿರಲಿಲ್ಲ. ಹಾಗೆಂದು ಹೆದರಿ ಸುಣ್ಣವನ್ನು ಬೇಕಾಬಿಟ್ಟಿ ಸುರಿಯುವುದೂ ತಪ್ಪು. ಸುಣ್ಣ ಅತಿಯಾದರೆ ರಸಸಾರ ಮೇಲೇರಿ ತಾಮ್ರಕ್ಕೆ ಬೀಗ ಬಿದ್ದಂತಾಗುತ್ತದೆ. ಹೆಚ್ಚಾದ ಸುಣ್ಣ ಗಾಳಿಯಲ್ಲಿ ಸೀಮೆಸುಣ್ಣವಾಗುವ ತನಕ ಮದ್ದು ಕೆಲಸ ಮಾಡದು, ಮಹಾಳಿ ಅಷ್ಟು ದಿನ ಕಾಯದು.

ಸುಣ್ಣ ಕೊಳ್ಳುವಾಗ ನೋಡುವ ಬಗೆ ಸುಲಭ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಸುಯ್ಯೆಂದು ಬಿಸಿಯೆದ್ದು ಅರಳಬೇಕು. ಪುಡಿ ಸುಣ್ಣವಾದರೆ ಒಂದು ಚಿಟಿಕೆಯ ಮೇಲೆ ನಿಂಬೆರಸ ಹಿಂಡಿ. ನೊರೆ ಬುರುಬುರು ಎದ್ದರೆ ಅದರಲ್ಲಿ ಸೀಮೆಸುಣ್ಣ ಸೇರಿದೆ. ಕಾಲೇಜಿನ ಹುಡುಗಿ ಸಕ್ಕರೆ ನೀರಿನಲ್ಲಿ ಕದಡಿ ಅಳೆದಿದ್ದಳು. ಸಕ್ಕರೆ ನೀರು ಸುಣ್ಣವನ್ನು ಚೆನ್ನಾಗಿ ಕರಗಿಸುತ್ತದೆ, ಸೀಮೆಸುಣ್ಣವನ್ನು ಮುಟ್ಟುವುದಿಲ್ಲ. ಅಷ್ಟೆಲ್ಲ ಮನೆಯಲ್ಲಿ ಬೇಡ.

ನನ್ನ ಆ ಹಳೆಯ ಗೋಣಿಯನ್ನು ಏನು ಮಾಡಿದೆನೆಂದು ಕೆಲವರು ಕೇಳಿದ್ದುಂಟು. ಮಳೆ ಕಡಮೆಯಾದ ಮೇಲೆ ಕೆಳಗಣ ತೋಟದ ಬುಡಗಳಿಗೆ ಹರಡಿಸಿದೆ. ನಮ್ಮ ಮುರಕಲ್ಲಿನ ಮಣ್ಣು ಹುಳಿ. ಅದಕ್ಕೆ ಸೀಮೆಸುಣ್ಣವಾದರೂ ಆದೀತು. ಮದ್ದಿನ ಡ್ರಮ್ಮಿನಲ್ಲಿ ಕೈಕೊಟ್ಟ ಅದರ ನಿಧಾನ ಮಣ್ಣಿನಲ್ಲಿ ಕೆಲಸಕ್ಕೆ ಬಂತು. ಈಗ ಪ್ರತಿವರ್ಷ ಮೇ ತಿಂಗಳ ಮೂರನೆಯ ವಾರ ಹೊಸ ಸುಣ್ಣ ತರಿಸುತ್ತೇನೆ, ಉಳಿದದ್ದನ್ನು ಗೋಣಿಯಲ್ಲಿಡದೆ ಮುಚ್ಚಳ ಬಿಗಿದ ಡಬ್ಬಿಯಲ್ಲಿ ತುಂಬಿಸುತ್ತೇನೆ. ಡ್ರಮ್ಮಿನ ಪಕ್ಕದ ಮೊಳೆಗೆ ಒಂದು ಹಳೆಯ ಚೂರಿ ನೇತಾಡುತ್ತಿರುತ್ತದೆ. ಮದ್ದು ಬಿಡುವವರು ತಳೆ ಹಾಕಿ ಮರವೇರುವ ಮೊದಲು ತಾವೇ ಅದನ್ನು ಅದ್ದಿ ನೋಡಿ, “ಆಯಿತು ಭಟ್ಟರೇ, ಕೆಂಪಿಲ್ಲ” ಎನ್ನುತ್ತಾರೆ.